ಸುಮ್ಮನೆ ಕೂತ ಕಾರ್ಡಿನ ಕಸುಬು

ಹರಪನಹಳ್ಳಿಯಲ್ಲಿ ನಾವು ನೋಡಿಕೊಳ್ಳುವ ದೊಡ್ಡ ರೂಟರಿನಲ್ಲಿ ಎರಡು ಕಂಟ್ರೋಲ್ ಕಾರ್ಡುಗಳಿವೆ. ಒಂದು ದುಡಿಯುತ್ತದೆ, ಇನ್ನೊಂದು ಕೂತಿರುತ್ತದೆ. ಕೂತಿದ್ದರ ಬೆಲೆಯೂ ದುಡಿಯುವುದರಷ್ಟೇ. ಈ ಲೆಕ್ಕ ಕೇಳಿ ಹುಬ್ಬೇರಿಸದ ಅಕೌಂಟೆಂಟನ್ನು ನಾನು ಇದುವರೆಗೆ ನೋಡಿಲ್ಲ. ನನ್ನ ತಕರಾರು ಬೇರೆಯದು. ಜಗಳವಾಡಿ, ಕೊಟೇಶನ್ ಹಾಕಿಸಿ, ಎರಡನೆಯ ಕಾರ್ಡನ್ನು ತರಿಸಿಕೊಂಡವರೇ ತರಿಸಿದ ಮಾರನೆಯ ದಿನದಿಂದ ಅದರ ಕಡೆ ತಿರುಗಿ ನೋಡುವುದಿಲ್ಲ. ಕೇಳಿದರೆ, "ಎರಡ್ ಅದಾವಲ್ರೀ ಸರ, ಇನ್ನೇನ್ ಚಿಂತಿ?" ಎನ್ನುತ್ತಾರೆ. ಚಿಂತೆ ಶುರುವಾಗಬೇಕಾದದ್ದೇ ಅಲ್ಲಿಂದ ಎಂದು ನನಗೆ ಅರ್ಥವಾಗಲು ಕೆಲವು ಬೇಸಿಗೆ ಬೇಕಾದವು.

ಮೊದಲು ಜಾಗದ ವಿಷಯ ಹೇಳಿಬಿಡುತ್ತೇನೆ. ನಮ್ಮದು ಬ್ಯಾಂಕ್ ಶಾಖೆಗಳು, ಕಾಲೇಜುಗಳು, ಸೊಸೈಟಿಗಳು, ಮನೆಗೆ ನೆಟ್ ಕೊಡುವ ಕೇಬಲ್‌ನವರು, ಇಂಥವರಿಗೆ ಲಿಂಕ್ ಕೊಡುವ ಕಂಪನಿ. ಫೈಬರು ಹೊಸಪೇಟೆಯಿಂದ ಹೊರಟು ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಸುತ್ತಿ ಮತ್ತೆ ಹೊಸಪೇಟೆ ಸೇರುತ್ತದೆ. ಪೂರ್ತಿ ಒಂದು ರಿಂಗು. ಎಲ್ಲಿ ಕಡಿದರೂ ಇನ್ನೊಂದು ದಿಕ್ಕಿನಿಂದ ಡೇಟಾ ಬರುತ್ತದೆ. ಈ ರಿಂಗಿನಲ್ಲಿ ಹೊಸಪೇಟೆಯಿಂದ ಅತಿ ದೂರದ ಗಂಟು ಹರಪನಹಳ್ಳಿ, ಅದಕ್ಕೇ ಅಲ್ಲಿ ದೊಡ್ಡ ಪೆಟ್ಟಿಗೆ. ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆಗೆ ಸೇರಿತು. ಊರು ಕೂತಲ್ಲೇ ಕೂತಿತ್ತು, ಜಿಲ್ಲಾ ಕೇಂದ್ರ ಮಾತ್ರ ಬದಲಾಗುತ್ತಾ ಹೋಯಿತು. ನಮ್ಮ ರೂಟರಿನ ಪೋರ್ಟುಗಳಿಗೆ ಬರೆದ ವಿವರಣೆಗಳಲ್ಲಿ ಈಗಲೂ ಒಂದೆರಡು ಕಡೆ "ದಾವಣಗೆರೆ ಕಡೆ" ಎಂದೇ ಇದೆ. ಅಳಿಸಲು ಯಾರಿಗೂ ಮನಸ್ಸಿಲ್ಲ, ಧೈರ್ಯವೂ ಇಲ್ಲ.

ಕಂಟ್ರೋಲ್ ಕಾರ್ಡು ಎಂದರೇನು ಎಂಬುದನ್ನು ಹೊಸ ಹುಡುಗರಿಗೆ ಹೇಳುವಾಗ ನಾನು ಮೊದಲು ಅದು ಏನು ಮಾಡುವುದಿಲ್ಲ ಎಂದು ಹೇಳುತ್ತೇನೆ. ಹಾದುಹೋಗುವ ಡೇಟಾವನ್ನು ಅದು ಮುಟ್ಟುವುದಿಲ್ಲ. ಒಂದು ಪೋರ್ಟಿನಲ್ಲಿ ಬಂದ ಪ್ಯಾಕೆಟನ್ನು ಇನ್ನೊಂದರಲ್ಲಿ ಕಳಿಸುವುದು ಲೈನ್ ಕಾರ್ಡುಗಳ ಕೆಲಸ. ಯಾವ ವಿಳಾಸ ಯಾವ ದಿಕ್ಕು ಎಂಬ ಪಟ್ಟಿಯನ್ನು ತಯಾರಿಸಿ ಆ ಲೈನ್ ಕಾರ್ಡುಗಳಿಗೆ ಇಳಿಸುವುದು ಕಂಟ್ರೋಲ್ ಕಾರ್ಡಿನ ಕೆಲಸ. ಸಿಸ್ಕೋದವರು ಇದನ್ನು ರೂಟ್ ಪ್ರೊಸೆಸರ್ ಎನ್ನುತ್ತಾರೆ, ಜುನಿಪರ್‌ನವರು ರೂಟಿಂಗ್ ಎಂಜಿನ್ ಎನ್ನುತ್ತಾರೆ. ಪಕ್ಕದ ರೂಟರುಗಳ ಜೊತೆ ಮಾತಾಡುವುದು, ಬಿಜಿಪಿ, ಓಎಸ್‌ಪಿಎಫ್ ಎಂಬ ರೂಟರುಗಳ ಭಾಷೆಗಳಲ್ಲಿ ಬಂದ ಸುದ್ದಿಯನ್ನು ತೂಗಿ ಪಟ್ಟಿ ಬದಲಿಸುವುದು, ನಮ್ಮ ಲಾಗಿನ್‌ಗೆ ಉತ್ತರ ಕೊಡುವುದು, ಎಲ್ಲ ಅದರದೇ. ಸಾಹುಕಾರ ಪರಊರಿಗೆ ಹೋದರೂ ಅಂಗಡಿಯ ಹುಡುಗರು ನಿನ್ನೆಯ ದರದ ಪಟ್ಟಿ ನೋಡಿಕೊಂಡು ವ್ಯಾಪಾರ ನಡೆಸುತ್ತಾರಲ್ಲ, ಕಂಟ್ರೋಲ್ ಕಾರ್ಡು ಸತ್ತ ಮೊದಲ ಕ್ಷಣಗಳಲ್ಲಿ ರೂಟರಿನ ಸ್ಥಿತಿ ಅದೇ. ವ್ಯಾಪಾರ ನಡೆಯುತ್ತದೆ. ದರ ಬದಲಾಗಿದ್ದರೆ ಮಾತ್ರ ನಷ್ಟ.

ಹಾಗಾಗಿ ಎರಡನೆಯ ಕಾರ್ಡಿನ ನಿಜವಾದ ಕೆಲಸ ಇಷ್ಟೇ: ಲೈನ್ ಕಾರ್ಡುಗಳ ಕೈಯಲ್ಲಿರುವ ಪಟ್ಟಿ ಹಳಸುವ ಮೊದಲು, ಪಕ್ಕದ ರೂಟರುಗಳಿಗೆ ಸುಳಿವು ಸಿಗುವ ಮೊದಲು, ಜಾಗಕ್ಕೆ ಬಂದು ಕೂರಬೇಕು. ಕೇಳಲು ಸುಲಭ.

ನಾನು ಈ ಕಸುಬಿಗೆ ಬಂದದ್ದು ಟೆಲಿಫೋನ್ ಎಕ್ಸ್‌ಚೇಂಜಿನ ಕಾಲದ ಕೊನೆಯಲ್ಲಿ. ಜೋಡಿ ಕಾರ್ಡಿನ ವಿಚಾರ ಆಗಲೇ ಹಳೆಯದಾಗಿತ್ತು. ಹಳ್ಳಿಗಳಿಗೆಂದೇ ಸಿ-ಡಾಟ್ ಸಂಸ್ಥೆ ಮಾಡಿದ ಮೊದಲ 128 ಲೈನಿನ ಎಕ್ಸ್‌ಚೇಂಜು ಚಾಲೂ ಆದದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಏಸಿ ಬೇಕಿಲ್ಲ, ಧೂಳು ಸೆಕೆ ತಡೆಯುತ್ತದೆ, ಅದೇ ಅದರ ಹೆಗ್ಗಳಿಕೆ. ಆ ವಂಶದ ಎಕ್ಸ್‌ಚೇಂಜುಗಳಲ್ಲಿ ಕಂಟ್ರೋಲ್ ಭಾಗ ಜೋಡಿಯಾಗಿ ಇರುತ್ತಿತ್ತು. ಕಾಪಿ ಝೀರೋ, ಕಾಪಿ ಒನ್. ಒಂದು ಆಕ್ಟಿವ್, ಇನ್ನೊಂದು ಸ್ಟ್ಯಾಂಡ್‌ಬೈ. ಅಮೆರಿಕದಲ್ಲಿ 1965ರಲ್ಲಿ ಬಂದ ಮೊದಲ ದೊಡ್ಡ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜಿನಲ್ಲೂ ಪ್ರೊಸೆಸರು ಜೋಡಿಯೇ. 40 ವರ್ಷದಲ್ಲಿ ಎರಡು ತಾಸಿಗಿಂತ ಹೆಚ್ಚು ನಿಲ್ಲಬಾರದು ಎಂಬುದು ಅವರು ಹಾಕಿಕೊಂಡ ಗುರಿ. ಫೋನು ಎತ್ತಿದರೆ ಡಯಲ್ ಟೋನ್ ಬರಲೇಬೇಕು ಎಂಬ ಹಟದಿಂದ ಹುಟ್ಟಿದ ಪದ್ಧತಿ ಇದು. ರೂಟರಿನವರು ಅದನ್ನು ಬಹಳ ತಡವಾಗಿ ಕಲಿತರು.

ನನಗೆ ಕಲಿಸಿದ ಹಿರಿಯ ಟೆಕ್ನಿಷಿಯನ್ ಒಬ್ಬರಿಗೆ ಒಂದು ಅಭ್ಯಾಸವಿತ್ತು. ವಾರಕ್ಕೊಮ್ಮೆ ಕಾಪಿ ಬದಲಿಸುತ್ತಿದ್ದರು. ಈ ವಾರ ಝೀರೋ ದುಡಿದರೆ ಮುಂದಿನ ವಾರ ಒನ್. ಗೋಡೆಗೆ ನೇತುಹಾಕಿದ ರಿಜಿಸ್ಟರಿನಲ್ಲಿ ತಾರೀಕು, ಸಮಯ, ಸಹಿ. "ಅಣ್ಣಾ, ಎಲ್ಲಾ ಸರಿ ಐತಲ್ಲ, ಯಾಕ ಬದಲಿ ಮಾಡ್ತೀರಿ?" ಎಂದು ಕೇಳಿದ್ದೆ. "ಸರಿ ಐತಿ ಅಂತ ನಿನಗ ಹ್ಯಾಂಗ ಗೊತ್ತು?" ಎಂದರು. ಉತ್ತರ ಹೊಳೆಯಲಿಲ್ಲ. ದುಡಿಯುವ ಕಾರ್ಡು ಸರಿ ಇದೆ ಎನ್ನುವುದಕ್ಕೆ ಊರಿನ ಫೋನುಗಳೆಲ್ಲ ಸಾಕ್ಷಿ. ಕೂತ ಕಾರ್ಡಿಗೆ ಒಂದು ಹಸಿರು ದೀಪ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಆ ಹಸಿರು ದೀಪದ ಯೋಗ್ಯತೆ ಎಷ್ಟು ಎಂಬುದು ಹರಪನಹಳ್ಳಿಯಲ್ಲಿ ಗೊತ್ತಾಯಿತು. ಒಂದು ಬೇಸಿಗೆಯಲ್ಲಿ ಸ್ಟ್ಯಾಂಡ್‌ಬೈ ಕಾರ್ಡು ಮೆಮೊರಿ ತಪ್ಪು ತೋರಿಸಿ ಬಿದ್ದುಹೋಯಿತು. ಬೆಂಗಳೂರಿನ ಸ್ಟೋರಿನಿಂದ ಬದಲಿ ಕಾರ್ಡು ರಾತ್ರಿ ಬಸ್ಸಿನ ಪಾರ್ಸೆಲಿನಲ್ಲಿ ಬಂತು. ಬೆಳಿಗ್ಗೆ ಬಸ್ ನಿಲ್ದಾಣದಿಂದ ತಂದು ಸ್ಲಾಟಿಗೆ ತಳ್ಳಿದರು. ದೀಪ ಮೊದಲು ಹಳದಿ, ಆಮೇಲೆ ಹಸಿರು. ಟಿಕೆಟ್ ಮುಚ್ಚಲಾಯಿತು. ಅದಾಗಿ ಎಷ್ಟೋ ತಿಂಗಳ ಮೇಲೆ ಸ್ವಿಚ್‌ಓವರ್, ಅಂದರೆ ಕೆಲಸವನ್ನು ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೊರಳಿಸುವ ಪರೀಕ್ಷೆ, ಮಾಡೋಣವೆಂದು ನಾನು ಹೋದೆ. ಪರೀಕ್ಷೆಗೆ ಮೊದಲು ರಿಡಂಡೆನ್ಸಿ ಸ್ಥಿತಿ ನೋಡುವುದು ರೂಢಿ. ಪರದೆಯಲ್ಲಿ "ಸ್ಟ್ಯಾಂಡ್‌ಬೈ ಹಾಟ್" ಎಂದು ಬರಬೇಕಾದ ಕಡೆ "ಸ್ಟ್ಯಾಂಡ್‌ಬೈ ಕೋಲ್ಡ್" ಎಂದಿತ್ತು.

ಈ ಎರಡು ಪದಗಳ ನಡುವಿನ ಅಂತರ ದೊಡ್ಡದು. ಹಾಟ್ ಎಂದರೆ ಎರಡನೆಯ ಕಾರ್ಡು ಪೂರ್ತಿ ಎದ್ದು, ಮೊದಲನೆಯದರ ಕಾನ್ಫಿಗರೇಶನ್, ಇಂಟರ್‌ಫೇಸುಗಳ ಸ್ಥಿತಿ, ಪಟ್ಟಿಗಳು ಎಲ್ಲವನ್ನೂ ಕ್ಷಣಕ್ಷಣಕ್ಕೂ ಇಳಿಸಿಕೊಳ್ಳುತ್ತಿದೆ ಎಂದರ್ಥ. ಮೊದಲನೆಯದು ಬಿದ್ದರೆ ಲೈನ್ ಕಾರ್ಡುಗಳು ಅಲುಗಾಡುವುದಿಲ್ಲ. ಕೋಲ್ಡ್ ಎಂದರೆ ಅದು ಅರ್ಧ ಎದ್ದು ಬಾಗಿಲ ಬಳಿ ನಿಂತಿದೆ ಅಷ್ಟೇ. ಮೊದಲನೆಯದು ಬಿದ್ದ ಮೇಲೆ ಉಳಿದರ್ಧ ಏಳಬೇಕು, ಲೈನ್ ಕಾರ್ಡುಗಳನ್ನು ರೀಸೆಟ್ ಮಾಡಬೇಕು, ನೆರೆಯವರ ಜೊತೆ ಮೊದಲಿನಿಂದ ಮಾತು ಶುರು ಮಾಡಬೇಕು. ನಿಮಿಷಗಳ ಕೆಲಸ. ಅಷ್ಟು ಹೊತ್ತಿಗೆ ನಾಲ್ಕು ತಾಲ್ಲೂಕಿನ ಫೋನು ನನ್ನ ಕಿವಿಗೆ ಬಂದಿರುತ್ತದೆ. ಎರಡೂ ಸ್ಥಿತಿಯಲ್ಲಿ ದೀಪ ಮಾತ್ರ ಒಂದೇ ಹಸಿರು!

ಕಾರಣ ಸರಳ. ಸ್ಟೋರಿನಿಂದ ಬಂದ ಕಾರ್ಡಿನಲ್ಲಿ ಹಳೆಯ ಸಾಫ್ಟ್‌ವೇರು. ಎರಡರಲ್ಲಿ ಆವೃತ್ತಿ ಬೇರೆಯಾದರೆ ಪೆಟ್ಟಿಗೆ ಸ್ಥಿತಿ ಹಂಚಿಕೊಳ್ಳಲು ಒಪ್ಪುವುದಿಲ್ಲ, ತಾನಾಗಿ ಕೆಳಗಿನ ದರ್ಜೆಗೆ ಇಳಿಯುತ್ತದೆ. ಇದು ದೋಷವಲ್ಲ, ಪೆಟ್ಟಿಗೆ ಮಾಡಿದವರ ಜಾಗ್ರತೆ. ತಪ್ಪಾಗಿ ಹಂಚಿಕೊಳ್ಳುವುದಕ್ಕಿಂತ ಹಂಚಿಕೊಳ್ಳದಿರುವುದೇ ಮೇಲು. ಆದರೆ ಇಳಿದದ್ದನ್ನು ಅದು ಕೂಗಿ ಹೇಳಲಿಲ್ಲ. ಲಾಗಿನಲ್ಲಿ ಒಂದು ಸಾಲು ಬರೆದು ಸುಮ್ಮನಾಯಿತು, ಆ ಸಾಲು ಸಾವಿರ ಸಾಲಿನ ಅಡಿಗೆ ಹೋಯಿತು. ಕಾರ್ಡು ಬದಲಿಸಿದ ಹುಡುಗನನ್ನು ದೂರುವಂತಿಲ್ಲ. ಅವನಿಗೆ ಕೊಟ್ಟ ಚೀಟಿಯಲ್ಲಿ ಕೊನೆಯ ಹೆಜ್ಜೆ "ದೀಪ ಹಸಿರಾಗಲಿ" ಎಂದೇ ಇತ್ತು. ಈಗ ಆ ಚೀಟಿಯಲ್ಲಿ ದೀಪದ ಮಾತಿಲ್ಲ. ಎರಡೂ ಕಾರ್ಡಿನ ಆವೃತ್ತಿ ಓದು, ಎರಡರಲ್ಲೂ ಬೂಟ್ ಆಗಬೇಕಾದ ಫೈಲಿನ ಹೆಸರು ಓದು, ಎರಡರ ಫ್ಲ್ಯಾಶಿನಲ್ಲೂ ಆ ಫೈಲು ನಿಜವಾಗಿ ಇದೆಯೇ ನೋಡು, ಸ್ಥಿತಿ "ಹಾಟ್" ಎಂದು ಬರುವವರೆಗೆ ಜಾಗ ಬಿಟ್ಟು ಏಳಬೇಡ. ಹೆಸರು ಬರೆದು ಫೈಲೇ ಇಲ್ಲದ ಕಾರ್ಡುಗಳನ್ನು ಆಮೇಲೆ ಬೇರೆ ಊರುಗಳಲ್ಲೂ ಕಂಡಿದ್ದೇನೆ.

ಸಾಫ್ಟ್‌ವೇರು ಸರಿಮಾಡಿದ ಮೇಲೆ ಸ್ಥಿತಿ ಹಾಟ್ ಆಯಿತು. ಈಗ ಪರೀಕ್ಷೆ. ರಾತ್ರಿ ಎರಡಕ್ಕೆ ಮಾಡಬೇಕು ಎಂಬುದು ನಮ್ಮ ಕಸುಬಿನ ಸಂಪ್ರದಾಯ. ನಾನು ಅದಕ್ಕೆ ವಿರುದ್ಧ. ರಾತ್ರಿ ಎರಡಕ್ಕೆ ಏನಾದರೂ ಕೆಟ್ಟರೆ ಹರಪನಹಳ್ಳಿಯಲ್ಲಿ ನಿಮ್ಮ ಜೊತೆ ಇರುವುದು ವಾಚ್‌ಮನ್ ಒಬ್ಬನೇ. ಬದಲಿ ಕಾರ್ಡು ಬರುವ ಬಸ್ಸು ಹೊರಟಿರುವುದಿಲ್ಲ, ರೂಟರ್ ಕಂಪನಿಯ ದೊಡ್ಡ ಎಂಜಿನಿಯರು ಮಲಗಿರುತ್ತಾನೆ, ನಿಮ್ಮ ತಲೆಯೂ ಅರ್ಧ ಮಲಗಿರುತ್ತದೆ. ಭಾನುವಾರ ಬೆಳಿಗ್ಗೆ ಆರು ನನಗೆ ಸರಿ ಕಂಡ ಹೊತ್ತು. ಬ್ಯಾಂಕು, ಕಾಲೇಜು ಮುಚ್ಚಿರುತ್ತವೆ, ಮುಂದೆ ಪೂರ್ತಿ ಹಗಲು ಇರುತ್ತದೆ. ಗ್ರಾಹಕರಿಗೆ ಮೊದಲೇ ತಿಳಿಸಿರಬೇಕು ಎಂಬುದು ಬೇರೆ ಮಾತು.

ಸ್ಥಳೀಯ ಟೆಕ್ನಿಷಿಯನ್‌ಗೆ ಈ ಪರೀಕ್ಷೆಯೇ ಕೊನೆಯವರೆಗೂ ಒಪ್ಪಿಗೆ ಇರಲಿಲ್ಲ. "ಚಲೋ ನಡದಿದ್ದನ್ನ ಯಾಕ ಕೆದಕ್ತೀರಿ ಸರ?" ಎಂದು ಚಹಾ ಕುಡಿಯುವಾಗಲೂ ಕೇಳಿದ. ಆದರೂ ಪಿಂಗ್ ಹಚ್ಚಿಕೊಂಡು ಪಕ್ಕದಲ್ಲಿ ಕೂತ. ಹೊಸಪೇಟೆಯ ಕಂಟ್ರೋಲ್ ರೂಮಿನಲ್ಲಿದ್ದ ಹುಡುಗಿ ಫೋನಿನಲ್ಲಿದ್ದಳು. ನಾನು ಸ್ವಿಚ್‌ಓವರ್ ಆಜ್ಞೆ ಕೊಟ್ಟೆ. ಪೆಟ್ಟಿಗೆ ಖಚಿತವೇ ಎಂದು ಕೇಳಿತು, ಹೌದು ಎಂದೆ. ಫ್ಯಾನುಗಳು ಒಮ್ಮೆ ಪೂರ್ತಿ ವೇಗಕ್ಕೆ ಏರಿದವು, ಕೋಣೆಯ ತುಂಬ ಗಾಳಿಯ ಸದ್ದು. ಟೆಕ್ನಿಷಿಯನ್ ನನ್ನ ಮುಖ ನೋಡಿದ. ಎರಡೋ ಮೂರೋ ಪಿಂಗ್ ಉದುರಿ ಮತ್ತೆ ಸಾಲು ಹಿಡಿಯಿತು. "ಅಷ್ಟೇನಾ ಸರ?" ಎಂದ. ಅಷ್ಟರಲ್ಲಿ ಫೋನಿನಲ್ಲಿದ್ದ ಹುಡುಗಿ, "ಸರ್, ನನಗೆ ಪೆಟ್ಟಿಗೆನೇ ಕಾಣ್ತಿಲ್ಲ" ಎಂದಳು.

ಡೇಟಾ ಹರಿಯುತ್ತಿದೆ, ಆದರೆ ಹೊಸಪೇಟೆಯಿಂದ ಲಾಗಿನ್ ಆಗುತ್ತಿಲ್ಲ. ಮುಂದೆ ಬಗ್ಗಿ ನೋಡಿದೆವು. ಪ್ರತಿ ಕಂಟ್ರೋಲ್ ಕಾರ್ಡಿಗೂ ಅದರದೇ ಮ್ಯಾನೇಜ್‌ಮೆಂಟ್ ಪೋರ್ಟು, ಅದರದೇ ಕನ್ಸೋಲ್ ಪೋರ್ಟು ಇರುತ್ತದೆ. ಮ್ಯಾನೇಜ್‌ಮೆಂಟ್ ವಿಳಾಸ ದುಡಿಯುವ ಕಾರ್ಡಿನ ಜೊತೆ ಹೋಗುತ್ತದೆ. ನಮ್ಮಲ್ಲಿ ಎರಡು ಕೇಬಲ್ಲೂ ಹಳೆಯ ಕಾರ್ಡಿಗೇ ಹಾಕಿದ್ದವು. ಹೊಸದರ ಪೋರ್ಟಿನ ಬಾಯಲ್ಲಿ ಕಾರ್ಖಾನೆಯಿಂದ ಬರುವಾಗ ಹಾಕಿದ ಪ್ಲಾಸ್ಟಿಕ್ ಮುಚ್ಚಳ ಹಾಗೇ ಇತ್ತು, ಅದರ ಮೇಲೆ ತೆಳ್ಳಗೆ ಕೆಂಪು ಧೂಳು. ನಿಜವಾದ ಅವಘಡದ ರಾತ್ರಿ ಹೀಗಾಗಿದ್ದರೆ ಹೊಸಪೇಟೆಯವರು "ಹರಪನಹಳ್ಳಿ ಪೂರ್ತಿ ಸತ್ತಿದೆ" ಎಂದು ತಿಳಿದು ಜೀಪು ಓಡಿಸುತ್ತಿದ್ದರು, ಇಲ್ಲಿ ಬ್ಯಾಂಕಿನ ಎಟಿಎಂ ಆರಾಮವಾಗಿ ನಡೆಯುತ್ತಿರುತ್ತಿತ್ತು. ಒಂದು ಕೇಬಲ್ಲು, ಒಂದು ಸ್ವಿಚ್ ಪೋರ್ಟು. ಯಾವ ಪುಸ್ತಕ ಓದಿದರೂ ಅದು ಸಿಗುತ್ತಿರಲಿಲ್ಲ, ಸ್ವಿಚ್‌ಓವರ್ ಮಾಡಿದ್ದಕ್ಕೇ ಸಿಕ್ಕಿತು.

ಅದೇ ಬೆಳಿಗ್ಗೆ ಇನ್ನೊಂದು ವಿಷಯವೂ ಹೊರಬಿತ್ತು, ಇದು ಸ್ವಲ್ಪ ಸೂಕ್ಷ್ಮ. ಕೊಟ್ಟೂರಿನ ಕಡೆಯ ಲಿಂಕು ಕೆಳಗೆ ಬಿದ್ದು ಎದ್ದಿತ್ತು, ಹಡಗಲಿಯ ಕಡೆಯದು ಬಿದ್ದಿರಲಿಲ್ಲ. ಒಂದೇ ಪೆಟ್ಟಿಗೆ, ಒಂದೇ ಸ್ವಿಚ್‌ಓವರ್, ಫಲ ಬೇರೆ. ಇದು ಅರ್ಥವಾಗಬೇಕಾದರೆ ನೆರೆಯವರ ದೃಷ್ಟಿಯಿಂದ ನೋಡಬೇಕು.

ನಮ್ಮ ಕಂಟ್ರೋಲ್ ಕಾರ್ಡು ಬಿದ್ದಾಗ ನೆರೆಯ ರೂಟರಿಗೆ ಕಾಣುವುದು ಒಂದೇ: ಮಾತಾಡುತ್ತಿದ್ದವನು ಮಾತು ನಿಲ್ಲಿಸಿದ. ಬಿಜಿಪಿಯ ಹಳೆಯ ನಿಯಮದಂತೆ ಸಂಪರ್ಕ ಕಡಿದರೆ ಅವನು ಹೇಳಿದ ದಾರಿಗಳನ್ನೆಲ್ಲ ಅಳಿಸಬೇಕು. ನಮ್ಮ ಲೈನ್ ಕಾರ್ಡುಗಳು ಜೀವಂತ ಇದ್ದು ಏನು ಪ್ರಯೋಜನ, ನೆರೆಯವನು ನಮ್ಮ ಕಡೆ ಕಳಿಸುವುದನ್ನೇ ನಿಲ್ಲಿಸಿದರೆ? ಇದಕ್ಕೆ ಎರಡು ಉಪಾಯಗಳಿವೆ. ಮೊದಲನೆಯದು ಗ್ರೇಸ್‌ಫುಲ್ ರೀಸ್ಟಾರ್ಟ್. ಓಎಸ್‌ಪಿಎಫ್‌ಗೆ 2003ರಲ್ಲಿ, ಬಿಜಿಪಿಗೆ 2007ರಲ್ಲಿ ಇದು ಪ್ರಮಾಣಿತ ನಿಯಮವಾಗಿ ಬಂತು. ನೆರೆಯವನಿಗೆ ಮೊದಲೇ ಹೇಳಿಟ್ಟಿರುತ್ತೇವೆ: ನಾನು ಒಂದಿಷ್ಟು ಹೊತ್ತು ಸುಮ್ಮನಾದರೆ ದಾರಿ ಅಳಿಸಬೇಡ, ನನ್ನ ಲೈನ್ ಕಾರ್ಡು ನಡೆಸುತ್ತಿರುತ್ತದೆ, ನಾನು ವಾಪಸ್ ಬರುತ್ತೇನೆ. ಸಾಮಾನ್ಯವಾಗಿ 120 ಸೆಕೆಂಡು ಎಂದು ಇಟ್ಟಿರುತ್ತಾರೆ. ಇದಕ್ಕೆ ನೆರೆಯವನ ಒಪ್ಪಿಗೆ ಬೇಕು, ಅವನ ಸಾಫ್ಟ್‌ವೇರಿಗೆ ಈ ಭಾಷೆ ಗೊತ್ತಿರಬೇಕು. ಎರಡನೆಯದು ನಾನ್‌ಸ್ಟಾಪ್ ರೂಟಿಂಗ್. ಇಲ್ಲಿ ನೆರೆಯವನನ್ನು ಕೇಳುವುದೇ ಇಲ್ಲ. ನಡೆಯುತ್ತಿರುವ ಸಂಭಾಷಣೆಯ ಪ್ರತಿ ಅಕ್ಷರವೂ ಸ್ಟ್ಯಾಂಡ್‌ಬೈ ಕಾರ್ಡಿನಲ್ಲಿ ನಕಲಾಗುತ್ತಿರುತ್ತದೆ, ಕಾರ್ಡು ಬದಲಾದರೂ ಮಾತು ತುಂಡಾಗುವುದಿಲ್ಲ. ನೆರೆಯವನಿಗೆ ಗೊತ್ತೇ ಆಗುವುದಿಲ್ಲ.

ಗ್ರಾಹಕರ ಕಡೆಯ ಲಿಂಕುಗಳಿಗೆ ನಾನು ಎರಡನೆಯದರ ಪಕ್ಷ. ಗ್ರಾಹಕನ ಬಳಿ ಯಾವ ಕಾಲದ ಪೆಟ್ಟಿಗೆ ಇರುತ್ತದೋ, ಅದಕ್ಕೆ ಗ್ರೇಸ್‌ಫುಲ್ ರೀಸ್ಟಾರ್ಟ್ ಗೊತ್ತೋ ಇಲ್ಲವೋ, ಯಾರು ಕೇಳುತ್ತಾ ಕೂರುತ್ತಾರೆ? ಗ್ರೇಸ್‌ಫುಲ್ ರೀಸ್ಟಾರ್ಟಿನ ಮೇಲೆ ನನಗೆ ಇನ್ನೊಂದು ಗುಮಾನಿಯೂ ಇದೆ. "ನನ್ನ ಲೈನ್ ಕಾರ್ಡು ನಡೆಸುತ್ತಿರುತ್ತದೆ" ಎಂದು ಕೊಟ್ಟ ಮಾತು ಸುಳ್ಳಾದರೆ, ಅಂದರೆ ಪೆಟ್ಟಿಗೆ ಪೂರ್ತಿ ಸತ್ತಿದ್ದರೆ, ನೆರೆಯವನು ಆ ಎರಡು ನಿಮಿಷವೂ ನಂಬಿಕೊಂಡು ಪ್ಯಾಕೆಟುಗಳನ್ನು ಬಾವಿಗೆ ಸುರಿಯುತ್ತಿರುತ್ತಾನೆ. ರಿಂಗಿನ ಇನ್ನೊಂದು ದಿಕ್ಕು ಖಾಲಿ ಇದ್ದರೂ ಆ ಕಡೆ ತಿರುಗುವುದಿಲ್ಲ.

ಕೊಟ್ಟೂರಿನ ಲಿಂಕು ಬಿದ್ದದ್ದಕ್ಕೆ ಕಾರಣ ಬಿಎಫ್‌ಡಿ. ಫೈಬರು ಕಡಿದದ್ದನ್ನು ತಕ್ಷಣ ಪತ್ತೆ ಹಚ್ಚಲು ಎರಡು ರೂಟರುಗಳು "ಇದ್ದೀಯಾ, ಇದ್ದೀನಿ" ಎಂದು ಬಲು ಬೇಗ ಬೇಗ ಕೇಳಿಕೊಳ್ಳುವ ವ್ಯವಸ್ಥೆ ಅದು. 50 ಮಿಲಿಸೆಕೆಂಡಿಗೊಮ್ಮೆ, ಮೂರು ಸಲ ಉತ್ತರ ತಪ್ಪಿದರೆ ಸತ್ತ ಎಂದು ತೀರ್ಮಾನ. ಒಟ್ಟು 150 ಮಿಲಿಸೆಕೆಂಡು. ಹಡಗಲಿ ಕಡೆ ಈ ಉತ್ತರ ಕೊಡುವ ಕೆಲಸ ಲೈನ್ ಕಾರ್ಡಿನದಾಗಿತ್ತು, ಕೊಟ್ಟೂರು ಕಡೆ ಕಂಟ್ರೋಲ್ ಕಾರ್ಡಿನದಾಗಿತ್ತು. ಕಂಟ್ರೋಲ್ ಕಾರ್ಡು ಬದಲಾಗಲು ಒಂದು ಸೆಕೆಂಡಿನ ಆಸುಪಾಸು ಬೇಕಾದರೆ 150 ಮಿಲಿಸೆಕೆಂಡಿನ ತಾಳ್ಮೆಯವನು ಕಾಯುತ್ತಾನೆಯೇ? ಒಂದು ಕಡೆ ತಾಳ್ಮೆ ಕಲಿಸುವ ಗ್ರೇಸ್‌ಫುಲ್ ರೀಸ್ಟಾರ್ಟ್, ಇನ್ನೊಂದು ಕಡೆ ತಾಳ್ಮೆಗೆಡಿಸುವ ಬಿಎಫ್‌ಡಿ, ಎರಡನ್ನೂ ಒಂದೇ ಲಿಂಕಿನ ಮೇಲೆ ಹಾಕಿ ಕೂತಿದ್ದೆವು. ಬಿಎಫ್‌ಡಿಯನ್ನು ಲೈನ್ ಕಾರ್ಡಿಗೆ ಇಳಿಸಿದೆವು, ಇಳಿಸಲಾಗದ ಕಡೆ ಅವಧಿ ಹಿಗ್ಗಿಸಿದೆವು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಎರಡು ಕಾರ್ಡುಗಳನ್ನು ಒಂದೇ ರೀತಿ ಇಡುವ ಸಾಹಸ. ಒಂದೇ ಆವೃತ್ತಿ, ಒಂದೇ ಕಾನ್ಫಿಗರೇಶನ್, ಒಂದೇ ಸ್ಥಿತಿ, ಒಂದೇ ಕೇಬಲಿಂಗು. ಅದು ಸಾಧಿಸಿದ ಮೇಲೆ ನನ್ನನ್ನು ಕಾಡಲು ಶುರುವಾದದ್ದು ಅದರ ಇನ್ನೊಂದು ಮಗ್ಗುಲು. ಎರಡೂ ಪೂರ್ತಿ ಒಂದೇ ಆದರೆ, ಒಂದನ್ನು ಕೊಲ್ಲುವ ಕಾಯಿಲೆ ಇನ್ನೊಂದನ್ನು ಬಿಡುತ್ತದೆಯೇ?

1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟ 40 ಸೆಕೆಂಡಿನ ಒಳಗೆ ಮುಗಿದುಹೋಯಿತು. ದಿಕ್ಕು ಹೇಳುವ ಯಂತ್ರಗಳು ಎರಡಿದ್ದವು, ಒಂದು ಆಕ್ಟಿವ್, ಒಂದು ಸ್ಟ್ಯಾಂಡ್‌ಬೈ, ಎರಡರಲ್ಲೂ ಅದೇ ಸಾಫ್ಟ್‌ವೇರು. 64 ಬಿಟ್ಟಿನ ಸಂಖ್ಯೆಯೊಂದನ್ನು 16 ಬಿಟ್ಟಿಗೆ ತುರುಕಲು ಹೋಗಿ ಲೆಕ್ಕ ಉಕ್ಕಿ ಯಂತ್ರ ನಿಂತಿತು. ಆಕ್ಟಿವ್ ನಿಂತು ಸ್ಟ್ಯಾಂಡ್‌ಬೈ ಕಡೆ ನೋಡಿದರೆ ಅದು 72 ಮಿಲಿಸೆಕೆಂಡು ಮೊದಲೇ ಅದೇ ಕಾರಣಕ್ಕೆ ನಿಂತಾಗಿತ್ತು. ಆ ಅವಘಡದ ವರದಿ ಓದಿದ ಮೇಲೆ ನನಗೆ ಸ್ಟ್ಯಾಂಡ್‌ಬೈ ಎಂಬ ಮಾತೇ ಬೇರೆ ಥರ ಕೇಳಿಸತೊಡಗಿತು. ಅದಕ್ಕೂ ಮೊದಲು, 1990ರ ಜನವರಿ 15ರಂದು, ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ದೂರದ ಕರೆಗಳು ಸುಮಾರು ಒಂಬತ್ತು ತಾಸು ಕಕ್ಕಾಬಿಕ್ಕಿಯಾಗಿದ್ದವು. ಒಂದು ಎಕ್ಸ್‌ಚೇಂಜು ಬಿದ್ದು, ಚೇತರಿಸಿಕೊಂಡು, "ನಾನು ವಾಪಸ್ ಬಂದೆ" ಎಂದು ನೆರೆಯವರಿಗೆ ತಿಳಿಸಿತು. ಆ ಸುದ್ದಿಯನ್ನು ತೆಗೆದುಕೊಳ್ಳುವ ಸಾಫ್ಟ್‌ವೇರಿನಲ್ಲೇ ಕುಂದು. ಕೇಳಿದ ನೆರೆಯವರು ಬಿದ್ದರು, ಚೇತರಿಸಿಕೊಂಡರು, ತಾವೂ ವಾಪಸ್ ಬಂದ ಸುದ್ದಿ ಕೊಟ್ಟರು. 114 ಎಕ್ಸ್‌ಚೇಂಜುಗಳಲ್ಲೂ ಒಂದೇ ಸಾಫ್ಟ್‌ವೇರು.

ನಮ್ಮ ಮಟ್ಟದಲ್ಲಿ ಇದು ಸಣ್ಣದಾಗಿ ಕಂಡಿದೆ. ಯಾವುದೋ ಪ್ರಕ್ರಿಯೆ ದಿನಾ ಒಂದಿಷ್ಟು ಮೆಮೊರಿ ತಿಂದು ವಾಪಸ್ ಕೊಡುವುದಿಲ್ಲ. ತಿಂಗಳುಗಟ್ಟಲೆ ತಿಂದು ಆಕ್ಟಿವ್ ಕಾರ್ಡು ಬೀಳುತ್ತದೆ. ಸ್ಟ್ಯಾಂಡ್‌ಬೈ ಕೂಡ ಅದೇ ದಿನ ಎದ್ದದ್ದು, ಅದೇ ಸ್ಥಿತಿಯನ್ನು ನಕಲು ಮಾಡುತ್ತಾ ಬಂದದ್ದು. ಅದರ ಮೆಮೊರಿಯೂ ಅಂಚಿಗೆ ಬಂದಿರುತ್ತದೆ. ವಾರಕ್ಕೊಮ್ಮೆ ಕಾಪಿ ಬದಲಿಸುತ್ತಿದ್ದ ನಮ್ಮ ಹಿರಿಯರ ಪದ್ಧತಿಗೆ ಇಲ್ಲೂ ಒಂದು ಉಪಯೋಗ ಕಂಡುಕೊಂಡೆ. ಸ್ವಿಚ್‌ಓವರ್ ಆದಾಗ ಕೆಳಗಿಳಿದ ಕಾರ್ಡು ರೀಬೂಟ್ ಆಗಿ ಹೊಸದಾಗಿ ಏಳುತ್ತದೆ. ಆರು ತಿಂಗಳಿಗೊಮ್ಮೆ ಬದಲಿಸಿದರೆ ಎರಡು ಕಾರ್ಡುಗಳ ವಯಸ್ಸಿನಲ್ಲಿ ಅಷ್ಟಾದರೂ ಅಂತರ ಉಳಿಯುತ್ತದೆ. ಒಂದೇ ಪೆಟ್ಟಿಗೆಯೊಳಗೆ ಇದಕ್ಕಿಂತ ಹೆಚ್ಚಿನ ಭೇದ ತರಲಾಗದು, ಆವೃತ್ತಿ ಬೇರೆ ಮಾಡಲು ಹೋದರೆ ಮತ್ತೆ ಕೋಲ್ಡ್. ಹೊಸ ಸಾಫ್ಟ್‌ವೇರನ್ನು ಎಲ್ಲ ಊರಿಗೂ ಒಂದೇ ರಾತ್ರಿ ಹಾಕುವ ಉತ್ಸಾಹಕ್ಕೆ ಮಾತ್ರ ತಡೆ ಹಾಕಿದೆವು. ಮೊದಲು ಕೂಡ್ಲಿಗಿ, ತಿಂಗಳು ಬಿಟ್ಟು ಕೊಟ್ಟೂರು, ಕಡೆಗೆ ಹರಪನಹಳ್ಳಿ.

ಕರೆಂಟು, ಫೈಬರಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ, ಇದು ಈ ಸೀಮೆಯ ಎಲ್ಲರಿಗೂ ಗೊತ್ತಿರುವಂಥದ್ದೇ. ಪೆಟ್ಟಿಗೆಗೆ ಎರಡು ಪವರ್ ಸಪ್ಲೈ, ಎ ಮತ್ತು ಬಿ, ಎರಡು ಬಣ್ಣದ ವೈರು. ಬೆನ್ನುಹತ್ತಿ ಹೋದರೆ ಎರಡೂ ಒಂದೇ ಬ್ಯಾಟರಿ ಬ್ಯಾಂಕಿಗೆ ಸೇರುತ್ತವೆ. ಫೈಬರು ಎರಡು ದಿಕ್ಕಿಗೆ, ಒಂದು ಹಡಗಲಿಗೆ, ಒಂದು ಕೊಟ್ಟೂರಿಗೆ, ಆದರೆ ಕಟ್ಟಡದಿಂದ ಮುಖ್ಯರಸ್ತೆಯವರೆಗೆ ಒಂದೇ ಗುಂಡಿ, ಒಂದೇ ಪೈಪು. ಚರಂಡಿ ತೋಡಲು ಬಂದ ಜೆಸಿಬಿಯ ಹಲ್ಲಿಗೆ ರಿಂಗು ಯಾವುದು, ದಿಕ್ಕು ಯಾವುದು? ಒಂದೇ ಎಳೆತಕ್ಕೆ ಎರಡೂ ಬಂದವು. ಆ ದಿನ ಎರಡು ಕಂಟ್ರೋಲ್ ಕಾರ್ಡುಗಳೂ ಹಾಟ್ ಆಗಿಯೇ ಇದ್ದವು, ಪರದೆಯಲ್ಲಿ ಎಲ್ಲ ಚೊಕ್ಕ. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಫಿಲ್ಟರಿಗೆ ಮೆತ್ತುವ ಧೂಳು ಎರಡೂ ಕಾರ್ಡಿಗೆ ಹೋಗುವ ಗಾಳಿಯನ್ನು ಸಮನಾಗಿ ತಡೆಯುತ್ತದೆ. ನನ್ನ ಅನುಭವದಲ್ಲಿ ಇಲ್ಲಿನ ಜನರ ಲಿಂಕು ನಿಂತದ್ದಕ್ಕೆ ಕಂಟ್ರೋಲ್ ಕಾರ್ಡು ಕಾರಣವಾದದ್ದು ಅಪರೂಪ. ಜೆಸಿಬಿ, ಬ್ಯಾಟರಿ, ಸೆಕೆ, ಈ ಮೂರೇ ಹೆಚ್ಚು. ಎರಡನೆಯ ಕಾರ್ಡಿಗೆ ಸುರಿದ ಹಣದಲ್ಲಿ ಒಂದು ಪಾಲು ಎರಡನೆಯ ಗುಂಡಿಗೆ ಹೋಗಿದ್ದರೆ ಚೆನ್ನಾಗಿತ್ತು ಎಂದು ಮೀಟಿಂಗಿನಲ್ಲಿ ಹೇಳಿದೆ. ಗುಂಡಿಗೆ ಕ್ಯಾಟಲಾಗ್ ಇರುವುದಿಲ್ಲವಲ್ಲ, ಯಾರಿಗೂ ಉತ್ಸಾಹ ಬರಲಿಲ್ಲ. ಆಮೇಲೆ ಮಾಡಿದರು.

ಹುಡುಗರು ಸಾಮಾನ್ಯವಾಗಿ ಕೇಳುವ ಒಂದು ಪ್ರಶ್ನೆ: ಸ್ವಿಚ್‌ಓವರ್ ಆಗಿ, ಬಿದ್ದ ಕಾರ್ಡು ಸರಿಹೋದ ಮೇಲೆ ಅದನ್ನೇ ಮತ್ತೆ ಆಕ್ಟಿವ್ ಮಾಡಬೇಕೇ? ಬೇಡ. ಕಾರ್ಡು ಝೀರೋ ಹಿರಿಯ, ಒನ್ ಕಿರಿಯ ಎಂಬ ಭೇದ ನಮ್ಮ ತಲೆಯೊಳಗಿನದು. ವಾಪಸ್ ತಿರುಗಿಸುವುದೆಂದರೆ ಗ್ರಾಹಕರಿಗೆ ಇನ್ನೊಂದು ಅಲುಗಾಟ, ಅದೂ ಈಗಷ್ಟೇ ಬಿದ್ದೆದ್ದ ಕಾರ್ಡಿನ ಮೇಲೆ ಭಾರ ಹಾಕಿ. ಏಕೆ ಬಿತ್ತು ಎಂದು ಗೊತ್ತಾಗುವವರೆಗೆ ಕೂತಿರಲಿ. ಬಿದ್ದ ಕ್ಷಣದ ಕ್ರ್ಯಾಶ್ ಫೈಲನ್ನು ಮೊದಲು ಹೊರಗೆ ನಕಲು ಮಾಡಿಕೊಳ್ಳಿ. ಎಷ್ಟೋ ಸಲ ಕಾರ್ಡು ತೆಗೆದು ಪಾರ್ಸೆಲ್ ಕಟ್ಟಿದ ಮೇಲೆ ಆ ಫೈಲು ಅದರೊಳಗೇ ಇತ್ತೆಂದು ನೆನಪಾಗುತ್ತದೆ.

ಹೊತ್ತು ಆರಿಸುವಾಗ ಪಂಚಾಂಗವನ್ನೂ ನೋಡಬೇಕು, ತಮಾಷೆಗೆ ಹೇಳುತ್ತಿಲ್ಲ. ಮೈಲಾರದ ಕಾರ್ಣಿಕ, ಕೊಟ್ಟೂರೇಶ್ವರನ ತೇರು ಎರಡೂ ಫೆಬ್ರವರಿ, ಮಾರ್ಚಿನ ಸುಮಾರಿಗೆ ಬರುತ್ತವೆ. ಲಕ್ಷಗಟ್ಟಲೆ ಜನ ಸೇರುತ್ತಾರೆ, ಹೂವು ಹಣ್ಣಿನ ಅಂಗಡಿಯಲ್ಲೂ ಈಗ ಫೋನಿನಲ್ಲೇ ದುಡ್ಡು. ಆ ವಾರಗಳಲ್ಲಿ ನಾವು ಯಾವ ಪೆಟ್ಟಿಗೆಯನ್ನೂ ಮುಟ್ಟುವುದಿಲ್ಲ. ಪರೀಕ್ಷೆ ಜಾತ್ರೆಗೆ ತಿಂಗಳು ಮೊದಲು ಮುಗಿದಿರಬೇಕು. ಇದನ್ನು ಬೆಂಗಳೂರಿನವರ ಕೆಲಸದ ಕ್ಯಾಲೆಂಡರಿನಲ್ಲಿ ಸೇರಿಸಲು ಒಂದಿಷ್ಟು ಇಮೇಲು ಬರೆಯಬೇಕಾಯಿತು. ಅವರ ಪಟ್ಟಿಯಲ್ಲಿ ದೀಪಾವಳಿ ಇತ್ತು, ಕ್ರಿಸ್‌ಮಸ್ ಇತ್ತು, ಕೊಟ್ಟೂರು ಇರಲಿಲ್ಲ.

ಈಗ ಹಡಗಲಿಯ ಹಳೆಯ ಪೆಟ್ಟಿಗೆ ಬದಲಿಸುವ ಸಮಯ ಬಂದಿದೆ. ಹರಪನಹಳ್ಳಿಯಂಥದ್ದೇ ಜೋಡಿ ಕಾರ್ಡಿನ ದೊಡ್ಡ ಚಾಸಿ ತರೋಣ ಎಂಬುದು ಒಂದು ವಾದ. ಒಂಟಿ ಕಾರ್ಡಿನ ಸಣ್ಣ ರೂಟರು ಎರಡು ತಂದು, ಬೇರೆ ಬೇರೆ ಕೋಣೆಯಲ್ಲಿಟ್ಟು, ಒಂದನ್ನು ಹಗರಿಬೊಮ್ಮನಹಳ್ಳಿ ದಿಕ್ಕಿಗೆ, ಇನ್ನೊಂದನ್ನು ಹರಪನಹಳ್ಳಿ ದಿಕ್ಕಿಗೆ ಕಟ್ಟಿ, ಎರಡಕ್ಕೂ ಬೇರೆ ರೆಕ್ಟಿಫೈಯರ್, ಬೇರೆ ಬ್ಯಾಟರಿ ಕೊಡೋಣ ಎಂಬುದು ನನ್ನ ವಾದ. ಆಗ ಎರಡರಲ್ಲೂ ಬೇರೆ ಬೇರೆ ಆವೃತ್ತಿಯ ಸಾಫ್ಟ್‌ವೇರು ಇಟ್ಟರೂ ಯಾರೂ ಕೋಪಿಸಿಕೊಳ್ಳುವುದಿಲ್ಲ. ಇದಕ್ಕೂ ಕೊರತೆಗಳಿವೆ. ಕಾನ್ಫಿಗರೇಶನ್ ಎರಡು ಕಡೆ ಬರೆಯಬೇಕು, ಎರಡೂ ಹೊಂದುತ್ತಿವೆಯೇ ಎಂದು ಮನುಷ್ಯರೇ ನೋಡಬೇಕು, ಒಂದು ಬಿದ್ದಾಗ ಇನ್ನೊಂದಕ್ಕೆ ಹೊರಳಲು ಜೋಡಿ ಕಾರ್ಡಿಗಿಂತ ತುಸು ಹೆಚ್ಚು ಹೊತ್ತು ಬೇಕು. ಹೊಸಪೇಟೆಯ ನನ್ನ ಸಹೋದ್ಯೋಗಿಯೊಬ್ಬರು ಕೊನೆಯ ಕಾರಣವನ್ನೇ ಹಿಡಿದು ಈಗಲೂ ಚಾಸಿಯ ಪರ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ, ಎಟಿಎಂ ಮುಂದೆ ಕ್ಯೂ ನಿಂತವನಿಗೆ ನನ್ನ ಸಿದ್ಧಾಂತ ಬೇಕಿಲ್ಲ. ಆದರೂ ಎರಡು ಸಣ್ಣ ಪೆಟ್ಟಿಗೆಗೇ ಒಪ್ಪಿಗೆ ಸಿಕ್ಕಿದೆ, ಮುಖ್ಯವಾಗಿ ಅದು ಅಗ್ಗವಾದ ಕಾರಣಕ್ಕೆ.

ಉಳಿದಿರುವ ತೊಡಕು ಒಂಟಿ ವೈರಿನ ಗ್ರಾಹಕರದು. ಬ್ಯಾಂಕ್ ಶಾಖೆಗೆ ಹೋಗುವ ಫೈಬರು ಒಂದೇ ಇದ್ದರೆ ಅದು ಎರಡರಲ್ಲಿ ಒಂದು ಪೆಟ್ಟಿಗೆಗೆ ಮಾತ್ರ ಹೋಗುತ್ತದೆ, ಆ ಪೆಟ್ಟಿಗೆಗೆ ಸ್ಟ್ಯಾಂಡ್‌ಬೈ ಕಾರ್ಡಿಲ್ಲ. ಇನ್ನೊಂದು ಪೆಟ್ಟಿಗೆಗೂ ಒಂದು ವೈರು ಎಳೆಸಿಕೊಳ್ಳಿ ಎಂದರೆ ಶಾಖೆಯವರು ಹೆಡ್ಡಾಫೀಸಿನ ಕಡೆ ಕೈ ತೋರಿಸುತ್ತಾರೆ, ಹೆಡ್ಡಾಫೀಸಿನವರು ನಮ್ಮ ಕಡೆ ತೋರಿಸುತ್ತಾರೆ. ಕೊಟೇಶನ್ ಕಳಿಸಿದ್ದೇವೆ.